ಕೌದಿಯ ಮೇಲೆ ಕೂತವರು

ಯಲಹಂಕ
ಸಂಕ್ರಾಂತಿ ಕಳೆದ ಬುಧವಾರ, 2017

ಸಿಟ್ಟು ಮಾಡಿಕೊಂಡು ಮಗಳ ಮನೆ ಸೇರಿರುವ ನನ್ನ ಅತ್ತೆ ಸೊಣ್ಣಮ್ಮನವರಿಗೆ, ನಿಮ್ಮ ಸೊಸೆ ಸರಳಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಸಾರಿಗೆ ಉಪ್ಪು ಮಾತ್ರ ಸರಿಹೋಗುತ್ತಿಲ್ಲ. ಫೋನ್ ಮಾಡಿದರೆ "ಸೊಣ್ಣಮ್ಮ ಮನೇಲಿಲ್ಲ" ಎಂದು ನಿಮ್ಮ ದನಿಯಲ್ಲೇ ಹೇಳಿ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ನಿಮ್ಮ ಮೊಮ್ಮಗಳು ತೇಜಸ್ವಿನಿ ಓದಿ ಹೇಳುತ್ತಾಳೆ. ನೀವು ಎದ್ದು ಹಿತ್ತಲಿಗೆ ಹೋದರೆ ಹಿಂದೆಯೇ ಹೋಗಿ ಓದು ಎಂದು ಅವಳಿಗೆ ಹೇಳಿಟ್ಟಿದ್ದೇನೆ.

ಕರಕುಶಲ ಸಂತೆಗೆ ನಾನು ಕೌದಿಗಳನ್ನು ಗಂಟು ಕಟ್ಟುತ್ತಿದ್ದಾಗ ನೀವು ಬಾಗಿಲಿಗೆ ಅಡ್ಡ ನಿಂತು ಅಂದದ್ದು ಇನ್ನೂ ಕಿವಿಯಲ್ಲಿದೆ. "ಬಾಡ್ಗೆ ಬರೋ ಮನೆಗ್ಳವೆ, ನಮ್ಗೇನ್ ಕಡ್ಮೆ ಆಗೈತೆ? ಉಟ್ಟು ಬಿಟ್ಟ ಬಟ್ಟೆ ಒಲ್ದು ಬಯಲಾಗಿಟ್ಟು ಮಾರ್ತೀಯಾ? ಕೌದಿ ಕೊಡೋದು ಕಣಮ್ಮಿ, ಮಾರೋದಲ್ಲ. ನೀನ್ ಸಂತೆಗ್ ಓದ್ರೆ ನಾನೀ ಮನೇಲಿರಲ್ಲ." ನಾನು ಹೋದೆ. ನೀವೂ ಹುಣಸಮಾರನಹಳ್ಳಿ ಬಸ್ಸು ಹತ್ತಿದಿರಿ. ನಿಮ್ಮ ಮಗ ನಡುವೆ ನಿಂತು ತಲೆ ಕೆರೆದುಕೊಂಡರು.

ಸಹಕಾರನಗರದ ಮೈದಾನದಲ್ಲಿ ಬೇವಿನ ಮರದ ಕೆಳಗೆ ಜಾಗ ಸಿಕ್ಕಿತ್ತು. ಹಗ್ಗ ಕಟ್ಟಿ, ಕೆರೆಯ ಮೇಲೆ ಬೆಳ್ಳಕ್ಕಿ ಹಾರುವ ಆ ದೊಡ್ಡ ಕೌದಿಯನ್ನು ಎದುರಿಗೇ ನೇತುಹಾಕಿದೆ. ಮಧ್ಯಾಹ್ನದವರೆಗೆ ಬಂದವರೆಲ್ಲ ಮುಟ್ಟಿ, ಹೊಗಳಿ, ಮುಂದೆ ಹೋದರು. ನಿಮ್ಮ ಶಾಪವೇ ತಟ್ಟಿತು ಅಂದುಕೊಂಡೆ. ಆಮೇಲೆ ಬೂಟು ಹಾಕಿದ ಹಿರಿಯರೊಬ್ಬರು ಹೆಂಡತಿಯ ಜೊತೆ ಬಂದು ಬೆಳ್ಳಕ್ಕಿಯ ಕೌದಿಯೇ ಬೇಕು ಅಂದರು. ಅಂಗಡಿಯವಳಾದರೆ ಮಡಿಸಿ ಚೀಲಕ್ಕೆ ಹಾಕಬೇಕಿತ್ತು ತಾನೆ? ನನ್ನ ಕೈ ನಿಮ್ಮ ಕೈಕೆಳಗೆ ಪಳಗಿದ ಕೈ. ಯೋಚನೆಯೇ ಇಲ್ಲದೆ ಕೌದಿಯನ್ನು ನೆಲಕ್ಕೆ ಹಾಸಿ, "ಬೂಟ್ ಬಿಟ್ಟು ಕೂತ್ಕೊಳ್ಳಿ ಸಾರ್" ಅಂದುಬಿಟ್ಟೆ.

"ಗೋಡೆಗೆ ಹಾಕೋಕ್ ತಗೊಳ್ತಿರೋದಮ್ಮ, ಕೂರೋದ್ಯಾಕೆ?" ಅಂದರು. ಬಾಯಿಗೆ ಬಂದದ್ದೂ ನಿಮ್ಮ ಮಾತೇ. ತಗೊಳ್ಳೋರು ಒಂದ್ಸಲ ಕೂರದೆ ಇದ್ದರೆ ಕೌದಿ ಆ ಮನೆಗೆ ಒಗ್ಗಲ್ಲ, ನಮ್ಮತ್ತೆ ಯಾರಿಗೂ ಹಾಗೆ ಕೊಟ್ಟಿಲ್ಲ ಅಂದೆ. ಅವರು ಬೂಟು ಬಿಚ್ಚಿ ಕೂತೇಬಿಟ್ಟರು. "ರೀ, ಮನೇಲಿ ಊಟಕ್ಕೂ ಕೆಳಗೆ ಕೂರಲ್ಲ ನೀವು" ಎಂದು ನಗುತ್ತಾ ಅವರ ಹೆಂಡತಿಯೂ ಪಕ್ಕದಲ್ಲಿ ಕೂತರು. ಕೌದಿ ಕೊಡುವಾಗ ನೀವು ಮಾಡುವಂತೆಯೇ ನಾನು ಡಬ್ಬಿ ತೆಗೆದು ಮೂಲೆಗಳಿಗೆ ಅರಿಶಿನ ಹಚ್ಚಿದೆ. ಏನಾಗುತ್ತಿದೆ ಎಂದು ಜನ ಸೇರಿದರು. ಏಳಲು ಮಂಡಿ ಬಾರದೆ ಆ ಹಿರಿಯರನ್ನು ಇಬ್ಬರು ಹಿಡಿದೆತ್ತಬೇಕಾಯಿತು. ಸಂಜೆಯ ಹೊತ್ತಿಗೆ ಹಗ್ಗ ಬರಿದಾಗಿತ್ತು. ಒಬ್ಬರನ್ನೂ ಕೂರಿಸದೆ ಕಳಿಸಲಿಲ್ಲ. ಕೌದಿಯನ್ನು ಗೋಡೆಗೆ ಹಾಕುತ್ತಾರಂತೆ ಎಂದು ಹಲ್ಲು ಕಡಿಯಬೇಡಿ, ಗೋಡೆಗೂ ಚಳಿಯಾಗುತ್ತದೆ ಅಂದುಕೊಳ್ಳಿ.

ಒಂದು ಮಾತು ಹೇಳಲೇಬೇಕು. ನೀವು ಹೊಲಿದುಕೊಟ್ಟ ಕೌದಿಗಳು ಈ ಊರಿನ ಎಷ್ಟೋ ಬಾಣಂತನ ಕಂಡಿವೆ. ಯಾರ ಕೆಲಸ ಇದು ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ನೋಡಿಲ್ಲ. ಮೈದಾನದಲ್ಲಿ ಮೊದಲು ಕೇಳಿದ್ದೇ ಅದು. ಹೊಲಿಗೆ ಕಲಿಸಿದ ನಿಮ್ಮ ಹೆಸರನ್ನು ಹೇಳೀ ಹೇಳೀ ನನ್ನ ಗಂಟಲು ಕಟ್ಟಿತು. ಇದರಲ್ಲಿ ಮಾನ ಹೋಗುವಂಥದ್ದು ನನಗೇನೂ ಕಾಣಲಿಲ್ಲ, ಅತ್ತೆ. ಮುಂದಿನ ತಿಂಗಳೂ ಹೋಗುತ್ತೇನೆ. ನೀವು ಬೈದರೂ ಹೋಗುತ್ತೇನೆ.

ಆದರೆ ಅವತ್ತು ಅಂಗಡಿ ಎತ್ತುವಾಗ, ಈ ಖುಷಿಯನ್ನು ಹೇಳಿಕೊಳ್ಳಲು ನನಗೆ ನೀವೇ ಬೇಕೆನಿಸಿತು. ಅಮ್ಮನೂ ಅಲ್ಲ, ನಿಮ್ಮ ಮಗನೂ ಅಲ್ಲ. ಖಾಲಿ ಹಗ್ಗ ಸುತ್ತುತ್ತಾ ಕಣ್ಣಲ್ಲಿ ನೀರು ಬಂತು.

ಸಂತೆಗೆ ಬಂದಿದ್ದ ತೇಜಸ್ವಿನಿ ತೆಗೆದ ವಿಡಿಯೋ ನೀವು ನೋಡಿದಿರಂತೆ. ನೋಡಿ, "ಮೂರ್ ಮೂಲೇಗ್ ಅರಿಶ್ನ ಅಚ್ಚವ್ಳೆ, ನಾಕ್ನೇದೆಲ್ಲೋಯ್ತು?" ಅಂದಿರಂತೆ. ಆ ನಾಲ್ಕನೇ ಮೂಲೆಯ ಮೇಲೆ ಬೂಟಿನವರ ಹೆಂಡತಿ ಕೂತಿದ್ದರು, ಅತ್ತೆ. ನಾನೇನು ಮಾಡಲಿ?

ಇನ್ನು ಮುನಿಸು ಸಾಕು. ನಡುಮನೆಯ ಮಂಚದ ಮೇಲೆ ನೀವು ಅರ್ಧ ಹೊಲಿದ ಕೌದಿ ಇದ್ದಂತೆಯೇ ಇದೆ. ನಾನು ಮುಟ್ಟಿಲ್ಲ, ಮುಗಿಸುವುದೂ ಇಲ್ಲ. ಹೋಗುವ ಗಡಿಬಿಡಿಯಲ್ಲೂ ಸೂಜಿಗೆ ಹೊಸ ದಾರ ಪೋಣಿಸಿ, ಮುಂದಿನ ಸಾಲಿಗೆ ಚುಚ್ಚಿಟ್ಟು ಹೋಗಿದ್ದೀರಿ. ಮನೆ ಬಿಟ್ಟು ಹೋಗುವವರು ಯಾರಾದರೂ ಹಾಗೆ ಮಾಡುತ್ತಾರೆಯೇ? ಭಾನುವಾರ ಬೆಳಿಗ್ಗೆ ಆಟೋ ತರುತ್ತೇನೆ, ಸೀರೆ ಬದಲಾಯಿಸಿ ಕೂತಿರಿ.

ನಿಮ್ಮ ಕಣ್ಣು, ಕೈ, ಕೋಪ ಮೂರನ್ನೂ ದೇವರು ನೂರು ವರ್ಷ ಚೆನ್ನಾಗಿಟ್ಟಿರಲಿ.

ನಿಮ್ಮ ಮಾತು ಕೇಳದ, ನಿಮ್ಮನ್ನು ಬಿಟ್ಟಿರಲಾರದ ಸೊಸೆ,
ಸರಳಾ