ಕೈ ಬೀಸುವ ಪಾಳಿ

ಅಕ್ಕಾ,

ಕರಡು ತಿದ್ದುವ ಕೆಲಸಕ್ಕೆ ಹೊಸ ಆಫೀಸಿಗೆ ಸೇರಿದೆ. ಚಾವಣಿಯ ಮೇಲೆ ಸೋಲಾರ್, ಒಳಗೆ ಸೆನ್ಸರ್ ದೀಪ. ಕರೆಂಟು ಉಳಿಯಲೆಂದು, ಯಾರೂ ಅಲುಗಾಡದಿದ್ದರೆ ದೀಪ ತಾನೇ ಆರುತ್ತದೆ. ಬೆಳಿಗ್ಗೆ ಕಿಟಕಿಯಿಲ್ಲದ ಕತ್ತಲ ಹಾಲಿಗೆ ಕಾಲಿಟ್ಟೆ. ದೀಪ ಹತ್ತಿತು. ನೋಡಿದರೆ, ಕರಡು ತಿದ್ದುವವರೆಲ್ಲ ಪೆನ್ನು ಹಿಡಿದು ಬೆಳಕಿಗೆ ಕಾಯುತ್ತ ಸಾಲಾಗಿ ಕೂತಿದ್ದರು!

"ದೀಪ ಆರಿದಾಗ ಒಬ್ರು ಕೈ ಬೀಸ್ಬೇಕು. ದಿನಕ್ಕೊಬ್ರ ಪಾಳಿ," ಎಂದರು ಗುಮಾಸ್ತರು.

"ಇವತ್ತು ಯಾರ್ದು?"

ಮೂಲೆಯ ಖಾಲಿ ಕುರ್ಚಿ ತೋರಿಸಿದರು. "ಅಲ್ಲಿ ಕೂರ್ತಿದ್ದೋರು ತೀರ್ಕೊಂಡು ತಿಂಗಳಾಯ್ತು. ಪಾಳಿ ಮಾತ್ರ ತಪ್ಪಿಸಿಲ್ಲ."

ಮಧ್ಯಾಹ್ನ ಮತ್ತೆ ದೀಪ ಆರಿತು. ಯಾರೂ ಮಿಸುಕಲಿಲ್ಲ, ನಾನೂ ಉಸಿರು ಬಿಗಿಹಿಡಿದು ಕೂತೆ. ಆದರೂ ಹತ್ತಿತು.

ನೆಗಡಿ ವಾಸಿಯಾಗಿದೆ, ಸ್ವೆಟರ್ ಕಳಿಸಬೇಡ. ಕಾರ್ಡು ತುಂಬಿತು. ನಾಳೆಯಿಂದ ನನಗೆ ಆ ಕುರ್ಚಿಯಂತೆ.

ನಿನ್ನ ತಮ್ಮ