ಒಳ್ಳೆಯದಕ್ಕೆ ಆಡಿದ ಮಾತು

ಶಿಡ್ಲಘಟ್ಟ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ರೂಪಕ್ಕನಿಗೆ,

ನೀನು, ಭಾವ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಪಕ್ಕದ ಕೋಣೆಯಲ್ಲೇ ಅತ್ತೆ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೇಲೂರಿನ ನಮ್ಮ ಶಾಲೆಗೆ ಪ್ರಿಯಂವದಾ ಎಂಬ ಹೊಸ ಹೆಡ್‌ಮಿಸ್ ಬಂದಿದ್ದಾರೆ. ಅವರದೊಂದು ನಿಯಮ: ಪ್ರತಿ ಶನಿವಾರ ಮಕ್ಕಳು ಹೋದ ಮೇಲೆ ಟೀಚರುಗಳೆಲ್ಲ ದುಂಡಗೆ ಕೂತು, ಒಬ್ಬರು ಇನ್ನೊಬ್ಬರ ಕೊರತೆಯನ್ನು ಮುಖಕ್ಕೇ ಹೇಳಬೇಕು. ಮೊದಮೊದಲು ಚೆನ್ನಾಗಿತ್ತು. "ಸಾರ್, ನಿಮ್ಮ ಬೋರ್ಡಿನ ಅಕ್ಷರ ಹಿಂದಿನ ಬೆಂಚಿಗೆ ಕಾಣಲ್ಲ" ಎಂದೆ. ಗಣಿತದ ಗಂಗರಾಜು ನಕ್ಕು, ದೊಡ್ಡದಾಗಿ ಬರೆಯತೊಡಗಿದರು. ಆಮೇಲಾಮೇಲೆ ವಾರವಿಡೀ ಒಬ್ಬರ ತಪ್ಪನ್ನು ಇನ್ನೊಬ್ಬರು ಹುಡುಕುವುದೇ ಆಯಿತು. ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದವರು ಈಗ ಬೇರೆ ಬೇರೆ ಕೂರುತ್ತೇವೆ. ಬಾಯಿ ಜಾರಿದ್ದು ಶನಿವಾರ ಹೊರಬಂದರೆ ಎಂಬ ಭಯ.

ಹೋದ ತಿಂಗಳು ನನ್ನ ಸರದಿ. ಜೊತೆಗಾತಿ ಹರಿಣಿ ಎದ್ದಳು. "ಕಲ್ಯಾಣಿ ಪಾಠದ ಮಧ್ಯೆ ಎದ್ದು ಹೋಗ್ತಾಳೆ ಮೇಡಂ, ಬೈಬೇಡಿ. ಹೊಟ್ಟೇಲಿದ್ದ ಮಗು ಹೋಯ್ತಲ್ಲ, ಬಾತ್‌ರೂಮಲ್ಲಿ ನಿಂತು ಅಳ್ತಾಳೆ." ಶಾಲೆಯಲ್ಲಿ ಅದನ್ನು ಅವಳೊಬ್ಬಳಿಗೇ ಹೇಳಿದ್ದೆ.

ಯಾಕೆ ಹೇಳಿದೆ ಎಂದು ಆಮೇಲೆ ಅವಳನ್ನು ಕೇಳಿದೆ. "ಅವರೆಲ್ಲ ನಿನ್ನ ಸೋಮಾರಿ ಅಂತಿದ್ರು ಕಣೇ. ನಿನ್ನ ಒಳ್ಳೇದಕ್ಕೇ ಹೇಳ್ದೆ" ಎಂದು ತಾನೂ ಅತ್ತಳು. ಅವಳು ಸುಳ್ಳು ಹೇಳುವವಳಲ್ಲ, ಬೈಯಲೂ ಆಗಲಿಲ್ಲ. ಶಾಲೆಗೆ ಅವಳ ಸ್ಕೂಟಿಯಲ್ಲೇ ಹೋಗಬೇಕು. ದಿನಾ ಅವಳ ಬೆನ್ನಿಗೆ ಅಂಟಿ ಕೂರುತ್ತೇನೆ, ಒಂದು ಮಾತೂ ಹೊರಡುವುದಿಲ್ಲ.

ಈ ಮೀಟಿಂಗ್ ನನಗೆ ಬೇಡ ಎಂದು ಮೇಡಂಗೆ ಹೇಳಿ ನೋಡಿದೆ. "ನಮ್ಮೇಲೆ ನಂಬಿಕೆ ಇದ್ದೋರು ಹೀಗನ್ನಲ್ಲ ಕಲ್ಯಾಣಿ" ಎಂದರು. ಮುಂದಿನ ಶನಿವಾರ ಅದನ್ನೂ ನನ್ನ ಕೊರತೆ ಎಂದೇ ಎಲ್ಲರೆದುರು ಹೇಳಿದರು. ಕೆಲಸ ಬಿಟ್ಟರೆ ದಿನವಿಡೀ ಈ ಮನೆ, ಅತ್ತೆಯ ನಿಟ್ಟುಸಿರು. ಎಲ್ಲಿಗೆ ಹೋಗಲಿ?

ತೊಂಡೇಬಾವಿಯಲ್ಲಿ ಚಳಿ ಶುರುವಾಗಿರಬೇಕು, ಹುಷಾರು. ಭಾವನಿಗೆ ನಮಸ್ಕಾರ. ನಿನ್ನ ಮಗ ಸಿದ್ಧಾರ್ಥ್ ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ.

ನಿನ್ನ ತಂಗಿ,
ಕಲ್ಯಾಣಿ

ವಿ.ಸೂ.: ಇವತ್ತು ಕೆಂಚಾರ್ಲಹಳ್ಳಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಸುನೀಲ್‌ಕುಮಾರ್ ಮಗಳ ನಾಮಕರಣ. ನನಗೆ ಯಾರೂ ತಿಳಿಸಿರಲಿಲ್ಲ, ಗಂಗರಾಜು ಸಾರ್ ಸ್ಟೇಟಸ್‌ನಲ್ಲಿ ಫೋಟೋ ನೋಡಿದೆ. ಹರಿಣಿಗೆ ಫೋನ್ ಮಾಡಿದೆ. "ನಿಂಗೆ ಕಷ್ಟ ಆಗುತ್ತೇಂತ ಕರೀಲಿಲ್ಲ ಕಣೇ, ಎಲ್ರೂ ಸೇರಿ ಮಾತಾಡ್ಕೊಂಡ್ವಿ" ಎಂದಳು. ಅವಳ ಹಿಂದೆ ಮಗು ಅಳುವುದು ಕೇಳಿಸಿತು. "ಕಲ್ಯಾಣಿ ಲೈನಲ್ಲಿದಾಳೆ" ಎಂದು ಯಾರೋ ಮೆಲ್ಲಗೆ ಹೇಳಿ, ಮಗುವನ್ನು ಆಚೆ ಎತ್ತಿಕೊಂಡು ಹೋದರು. ಆ ಮಗುವನ್ನು ಒಮ್ಮೆ ಎತ್ತಿಕೊಳ್ಳಬೇಕೆಂದು ನನಗೆ ತುಂಬ ಆಸೆಯಿತ್ತು ಅಕ್ಕ.