ಅಂಕಿ ಅಳಿಸಿದ ಡಬ್ಬಿ

ಬೈತ್ ಸರೂರ್
ಅಕ್ಟೋಬರ್ 14

ಪ್ರೀತಿಯ ತಮ್ಮ ರುಶ್ದಿಗೆ,

ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಮೂರು ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋಬೇಡ. ಆಲಿವ್ ಕೊಯ್ಲು ಅಂತ ನೆಪ ಹೇಳಬಹುದಿತ್ತು. ಬೇಲಿಯಾಚೆಯ ನಮ್ಮ ಮರಗಳ ಹತ್ತಿರ ಈ ವರ್ಷ ಸೈನಿಕರು ಎರಡೇ ದಿನ ಹೋಗಲು ಬಿಟ್ಟರು, ಹಾಗಾಗಿ ಆ ನೆಪವೂ ಇಲ್ಲ.

ನೀನು ಬರೆದದ್ದು ಅರ್ಥವಾಯಿತು. ಇಸ್ರೇಲ್ ಸೇನೆಗೆ ಅಮೆರಿಕ ಕೊಡುವ ನೆರವು ನಮ್ಮ ಜನರ ಪ್ರಾಣಕ್ಕೆ ಎರವಾಗಬಾರದು ಎಂದು ಅಲ್ಲಿ ಮಸೂದೆ ಬಂದಿದೆ. ಅದರ ಪರವಾಗಿ ವಾಷಿಂಗ್ಟನ್ನಿನಲ್ಲಿ ನೀನು ನನ್ನ ಸಿಬಾಳ ಬಗ್ಗೆ ಮಾತಾಡಬೇಕು. ಮೆರವಣಿಗೆಯಲ್ಲಿ ಹೊಗೆಯ ಕಣ್ಣುರಿ ತಗ್ಗಲು ಮೂಸುವ ಈರುಳ್ಳಿ ಹಂಚುತ್ತಿದ್ದವಳ ತಲೆಗೆ ಬಡಿದ ಅಶ್ರುವಾಯು ಡಬ್ಬಿ ಅಮೆರಿಕದ್ದೇ ಎನ್ನಲು ಅದರ ಮೇಲೆ ಕಾರ್ಖಾನೆಯವರು ಅಚ್ಚುಹಾಕಿದ ಅಂಕಿ ಬೇಕು. ಮಗಳು ಸತ್ತದ್ದು ಸಾಲದು, ಅಂಕಿಯೂ ಬೇಕು. ಈ ಸಿಟ್ಟು ನಿನ್ನ ಮೇಲಲ್ಲ.

ಪಕ್ಕದ ಮನೆ ಉಮ್ ನಾಯಿಫ್‌ಗೆ ಹೇಳಿದೆ. "ಡಬ್ಬಿಗೇನೇ ಬರ ನಮ್ಮೂರಲ್ಲಿ? ಪ್ರತಿ ಶುಕ್ರವಾರ ಮನೆಬಾಗಿಲಿಗೇ ತಂದು ಎಸೀತಾರೆ. ನನ್ನ ಪುದೀನ ಕಿತ್ತು ಕೊಡ್ತೀನಿ, ಫೋಟೊ ಹೊಡ್ಕೋ," ಅಂದಳು. ಎಲ್ಲರ ಅಂಗಳದಲ್ಲೂ ಅವೇ ಹೂಕುಂಡ ತಾನೆ.

"ಅದಲ್ಲ ಕಣೇ, ಸಿಬಾಗೆ ತಾಗಿದ್ದೇ ಬೇಕಂತೆ," ಅಂದೆ. ಅವಳು ನನ್ನ ಜೊತೆ ಕೂತು ಚಹಾ ಕುಡಿದು ಹೋದಳು.

ಆ ಡಬ್ಬಿ ನನ್ನ ಹತ್ತಿರವೇ ಇದೆ. ಚಹಾಕ್ಕೆ ಹಾಕುವ ಮರಮಿಯ ಗಿಡ ಅದರಲ್ಲಿ ನೆಟ್ಟು ಅಂಗಳದ ಗೋಡೆಯ ಮೇಲಿಟ್ಟಿದ್ದೇನೆ. ನಾಲ್ಕು ಚಳಿಗಾಲದ ಮಳೆ ಕಂಡಿದೆ, ಅಂಕಿ ಅಳಿಸಿಹೋಗಿದೆ. ಅಷ್ಟೇ ಹಳೆಯ, ಬೇರೆಯವರ ಎಂಟು ಡಬ್ಬಿಗಳ ಫೋಟೊ ಇದರ ಜೊತೆ ಇಟ್ಟಿದ್ದೇನೆ, ಅವುಗಳಲ್ಲಿ ಅಂಕಿ ಸ್ಪಷ್ಟವಾಗಿದೆ. ಅಷ್ಟರಲ್ಲೇ ಏನಾಗುತ್ತದೋ ನೋಡು.

ಅಲ್ಲಿಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೋ. ನಿನ್ನ ಮಾತು ಅವರ ಕಿವಿಗೆ ಬೀಳಲಿ. ನಿನ್ನ ಮಕ್ಕಳು ನಿನಗಿಂತ ಹೆಚ್ಚು ಕಾಲ ಬಾಳಲಿ.

ನಿನ್ನ ಅಕ್ಕ,
ಫದ್ವಾ

ತಾ.ಕ.: ಎಂಟು ಡಬ್ಬಿಯ ಅಂಕಿ ಅಳಿಸದ ಮಳೆ ಅದೊಂದರದ್ದೇ ಹೇಗೆ ಅಳಿಸಿತು ಅಂತ ನೀನು ಕೇಳೇ ಕೇಳುತ್ತೀಯ. ಮಳೆಯಲ್ಲ, ನಾನು. "ಹುತಾತ್ಮಳನ್ನ ತೊಳೆಯೋ ಹಾಗಿಲ್ಲಮ್ಮಾ, ರಕ್ತದ ಸಮೇತ ಮಣ್ಣು ಮಾಡೋದೇ ಧರ್ಮ," ಅಂತ ಇಮಾಮರು ನನ್ನ ಕೈಯಿಂದ ನೀರಿನ ಪಾತ್ರೆ ತೆಗೆದಿಟ್ಟರು. ಹುಟ್ಟಿದ ದಿನದಿಂದ ಅವಳಿಗೆ ನೀರು ಹುಯ್ದ ಕೈ ಇದು. ಮನೆಗೆ ಬಂದರೆ, ಅವಳ ಗೆಳತಿಯರು ತಂದಿಟ್ಟಿದ್ದ ಡಬ್ಬಿಗೆ ಅವಳ ಕೂದಲು ಅಂಟಿತ್ತು. ಅವಳದ್ದು ಅಂತ ತೊಳೆಯಲು ನನಗೆ ಉಳಿದದ್ದು ಅದೊಂದೇ. ಮರಳು ಹಾಕಿ ಮೂರು ದಿನ ತಿಕ್ಕಿದೆ, ರುಶ್ದಿ. ಅಂಕಿ ಇತ್ತೋ ಇಲ್ಲವೋ, ನೋಡಲೇ ಇಲ್ಲ.